ದುಡ್ಡಿನಿಂದ ಸುಖ ಬರುವುದೇ?

(ಸಂಘದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣ)



ಕಳೆದ ತಿಂಗಳ ಸಭೆಗೆ ಅತಿಥಿಗಳಾಗಿ ಬಂದಿದ್ದ ಮಹನೀಯರೊಬ್ಬರು ತಮ್ಮ ಭಾಷಣದ ಕೊನೆಯಲ್ಲಿ, ಹಣದಿಂದ ಸುಖ ಬರುವುದಿಲ್ಲವೆಂದೂ ಸುಖವೆಂಬುದು ಮನಸ್ಸಿನಲ್ಲಿರುವುದೆಂದೂ ಅಪ್ಪಣೆ ಕೊಡಿಸಿದರು. ನಾವೆಲ್ಲರೂ ಚಪ್ಪಾಳೆ ತಟ್ಟಿದೆವು. ಆಗ ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಎದ್ದು ನಿಂತ. ಹೊಟೇಲಿನಲ್ಲಿ ತಟ್ಟೆ ತೊಳೆಯುವವನು. ನೀರಿನಲ್ಲೇ ಇದ್ದು ಇದ್ದು ಅವನ ಬೆರಳ ಸಂದಿಗಳು ಬೆಳ್ಳಗಾಗಿದ್ದವು. "ಹಾಗಾದರೆ ನಮ್ಮ ಸಂಬಳ ಹೆಚ್ಚಿಸಬೇಕೆಂದು ಸಂಘದವರು ಅರ್ಜಿ ಬರೆಯುವುದು ಯಾಕೆ ಅಣ್ಣಾ?" ಎಂದು ಕೇಳಿದ. ಸಭೆ ನಕ್ಕಿತು. ಅತಿಥಿಗಳೂ ನಕ್ಕರು. ಉತ್ತರವನ್ನು ಮಾತ್ರ ಯಾರೂ ಕೊಡಲಿಲ್ಲ. ವಂದನಾರ್ಪಣೆಯಾಗಿ ಕಾಫಿ ಬಂತು.

ಆ ಉತ್ತರವನ್ನು ಇಂದು ಕೊಡಬೇಕೆಂದು ಕಾರ್ಯಕಾರೀ ಸಮಿತಿಯವರು ನಮಗೆ ಹೇಳಿದ್ದಾರೆ. ಕಾರಣವೂ ಉಂಟು. ಈ ನಡುವೆ ಕೆಲವು ಹೊಟೇಲುಗಳ ಧಣಿಗಳು ಒಂದು ಹೊಸ ಮಾತನ್ನು ತಂದಿದ್ದಾರೆ: "ವಾರದ ರಜೆಯನ್ನು ಬಿಟ್ಟುಕೊಡಿ, ತಿಂಗಳಿಗೆ ನಾಲ್ಕು ದಿನದ ಸಂಬಳ ಹೆಚ್ಚಿಗೆ ತೆಗೆದುಕೊಳ್ಳಿ." ಹಲವು ಹುಡುಗರಿಗೆ ಇದು ಹಿಡಿಸಿದೆ. ಸಂಘವು ಇದಕ್ಕೆ ಒಪ್ಪಿಗೆ ಕೊಡಬೇಕೇ ಬೇಡವೇ ಎಂಬುದನ್ನು ಮುಂದಿನ ಸಭೆಯಲ್ಲಿ ತೀರ್ಮಾನಿಸಬೇಕಾಗಿದೆ. ಆದುದರಿಂದ ದುಡ್ಡು ಮತ್ತು ಸುಖದ ಪ್ರಶ್ನೆ ನಮ್ಮ ಪಾಲಿಗೆ ವೇದಾಂತದ ಪ್ರಶ್ನೆಯಲ್ಲ, ರುಜು ಹಾಕುವ ಪ್ರಶ್ನೆ.

ಮೊದಲಿಗೆ ಒಂದು ಮಾತನ್ನು ಬಿಚ್ಚಿ ಹೇಳಿಬಿಡೋಣ. ಹಣದಿಂದ ಸುಖವಿಲ್ಲವೆಂಬ ಉಪದೇಶವನ್ನು ನಾವು ಕೇಳಿದ್ದು ಹೊಟ್ಟೆ ತುಂಬಿದವರ ಬಾಯಿಂದಲೇ ಹೆಚ್ಚು. ಹಸಿದವನು ಹಾಗೆ ಹೇಳಿದ್ದನ್ನು ನಾವು ಕಂಡಿಲ್ಲ. ನಮ್ಮ ಊರುಗಳಲ್ಲಿ ದುಡ್ಡೇ ದೊಡ್ಡಪ್ಪ ಎನ್ನುತ್ತಾರೆ. ಅದನ್ನು ಹೇಳಿದವನಿಗೆ ದುಡ್ಡಿನ ಮೇಲೆ ಪ್ರೀತಿಯಿತ್ತೆಂದಲ್ಲ, ದುಡ್ಡಿಲ್ಲದ ಮನೆಯ ಅನುಭವವಿತ್ತೆಂದು ತೋರುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯೂ ಉಂಟು. ಒಳ್ಳೆಯ ಗಾದೆಯೇ. ಆದರೆ ಲಾಲ್‌ಬಾಗ್, ಪರೇಲಿನ ಚಾಳುಗಳಲ್ಲಿ ಒಂದೇ ಹಾಸಿಗೆಯ ಮೇಲೆ ಹಗಲು ಪಾಳಿಯವನು ರಾತ್ರಿಯೂ, ರಾತ್ರಿ ಪಾಳಿಯವನು ಹಗಲೂ ಮಲಗುತ್ತಿದ್ದ ಕಾಲವನ್ನು ಈ ಸಭೆಯ ಹಿರಿಯರು ಕಂಡಿದ್ದಾರೆ. ಹಾಸಿಗೆಯೇ ಅರ್ಧ ದಿನದ್ದಾದರೆ ಕಾಲನ್ನು ಯಾವ ಲೆಕ್ಕದಲ್ಲಿ ಚಾಚುವುದು?

ದುಡ್ಡಿನಿಂದ ಸುಖ ಬರುವುದೋ ಇಲ್ಲವೋ, ದುಡ್ಡಿಲ್ಲದಿದ್ದರೆ ದುಃಖ ಬರುವುದಂತೂ ನಿಶ್ಚಯ. ಗಿರಣಿಗಳ ಕಾಲದ ಬದ್ಲಿ ಕೆಲಸಗಾರನನ್ನೇ ನೋಡಿರಿ. ಖಾಯಂ ಆದವನು ಬಾರದ ದಿನ ಮಾತ್ರ ಇವನಿಗೆ ಕೆಲಸ. ಬೆಳಗಾಗುವ ಮುಂಚೆ ಎದ್ದು, ಬುತ್ತಿ ಕಟ್ಟಿಕೊಂಡು, ಗಿರಣಿಯ ಬಾಗಿಲಲ್ಲಿ ನಿಲ್ಲಬೇಕು. ಕರೆದರೆ ಒಳಗೆ, ಕರೆಯದಿದ್ದರೆ ಅದೇ ಬುತ್ತಿಯನ್ನು ಹೊತ್ತು ಮರಳಿ ಚಾಳಿಗೆ. ತಿಂಗಳಲ್ಲಿ ಎಷ್ಟು ದಿನ ಕರೆಯುವರೆಂದು ಅವನಿಗೂ ಗೊತ್ತಿಲ್ಲ, ಖಾನಾವಳಿಯ ಬಾಯಿಗೂ ಗೊತ್ತಿಲ್ಲ. ಆದರೆ ಊಟದ ಲೆಕ್ಕ ಮಾತ್ರ ಮೂವತ್ತು ದಿನಕ್ಕೂ ಬರೆಯಲ್ಪಡುತ್ತಿತ್ತು. ಹೀಗೆ ನಿಂತವನು ಸಾಲಕ್ಕೆ ಹೋಗದೆ ಇನ್ನೆಲ್ಲಿಗೆ ಹೋದಾನು? ರೂಪಾಯಿಗೆ ತಿಂಗಳಿಗೆ ಒಂದಾಣೆ ಬಡ್ಡಿ ಅಂದಿನ ದಿನಗಳಲ್ಲಿ ಸಾಮಾನ್ಯವಾಗಿತ್ತು. ಹದಿನಾರು ಆಣೆಗೆ ಒಂದು ರೂಪಾಯಿ. ಎಂದರೆ ಹದಿನಾರು ತಿಂಗಳಲ್ಲಿ ತಂದ ಅಸಲಿನಷ್ಟೇ ಬಡ್ಡಿಯನ್ನು ತೆತ್ತಾಯಿತು, ಅಸಲು ಹಾಗೆಯೇ ನಿಂತಿತು. 1931ರಲ್ಲಿ ವರದಿ ಕೊಟ್ಟ ಕಾರ್ಮಿಕರ ರಾಯಲ್ ಕಮಿಷನ್ನು, ಬಹುತೇಕ ಔದ್ಯೋಗಿಕ ಕೇಂದ್ರಗಳಲ್ಲಿ ಕೆಲಸಗಾರರ ಮೂರರಲ್ಲಿ ಎರಡು ಪಾಲಾದರೂ ಸಾಲದಲ್ಲಿದ್ದಾರೆಂದು ಬರೆಯಿತು. ಹೆಚ್ಚಿನವರ ಸಾಲ ಮೂರು ತಿಂಗಳ ಸಂಬಳವನ್ನು ಮೀರಿತ್ತೆಂದೂ ಬರೆಯಿತು. ಸಂಬಳದ ದಿನ ಸಾಹುಕಾರ ಗೇಟಿನ ಹೊರಗೆ ಕೋಲು ಹಿಡಿದು ನಿಲ್ಲುತ್ತಿದ್ದ. ಅವನನ್ನು ತಪ್ಪಿಸಿಕೊಳ್ಳುವ ದಾರಿ ಹುಡುಕುತ್ತ ಮಗ್ಗದ ಮುಂದೆ ನಿಂತವನಿಗೆ ಸುಖವು ಮನಸ್ಸಿನಲ್ಲಿದೆಯಪ್ಪಾ ಎಂದು ಹೇಳಿದರೆ, ಆ ಮನಸ್ಸಿನಲ್ಲಿ ಸಾಹುಕಾರನೇ ಕುಳಿತಿದ್ದಾನಲ್ಲ!

ಇದು ಬರಿಯ ಮಾತಿನ ಚಮತ್ಕಾರವಲ್ಲ. 2013ರಲ್ಲಿ ಕೆಲವು ವಿದ್ವಾಂಸರು ತಮಿಳುನಾಡಿನ 464 ಮಂದಿ ಕಬ್ಬು ಬೆಳೆಗಾರರನ್ನು ಪರೀಕ್ಷಿಸಿದುದನ್ನು ಪ್ರಕಟಿಸಿದರು. ಕಬ್ಬಿನವನಿಗೆ ಹಣ ಕೈಗೆ ಬರುವುದು ವರ್ಷಕ್ಕೊಮ್ಮೆ. ಕಟಾವಿಗೆ ಮುಂಚೆ ಕೈ ಬರಿದು, ಒಡವೆ ಅಡವಿನಲ್ಲಿ. ಕಟಾವಿನ ಅನಂತರ ಕೈ ಸಡಿಲು. ಎರಡೂ ಸಮಯದಲ್ಲಿ ಅದೇ ರೈತನಿಗೆ ಬುದ್ಧಿಯ ಲೆಕ್ಕಗಳನ್ನು ಕೊಟ್ಟು ನೋಡಿದರು. ಕೈ ಬರಿದಾಗಿದ್ದಾಗ ಕಡಿಮೆ ಬಿಡಿಸಿದ, ಕೈ ತುಂಬಿದಾಗ ಹೆಚ್ಚು ಬಿಡಿಸಿದ. ತಲೆ ಅದೇ, ಮನುಷ್ಯನೂ ಅವನೇ. ಬಡವನಿಗೆ ಬುದ್ಧಿ ಸಾಲದೆಂದು ಗಲ್ಲೆಯ ಮೇಲೆ ಕುಳಿತು ಹೇಳುವವರು ಇದನ್ನು ಒಮ್ಮೆ ಓದಬೇಕು. ಬುದ್ಧಿ ಇದೆ, ಅದು ಬಡ್ಡಿಯ ಲೆಕ್ಕದಲ್ಲಿ ತೊಡಗಿದೆ.

ಹಾಗಾದರೆ ದುಡ್ಡು ನಮಗೆ ಕೊಡುವ ಮೊದಲ ಸುಖ ಯಾವುದು? ಸಿನಿಮಾ ಅಲ್ಲ, ಹೊಸ ಅಂಗಿಯೂ ಅಲ್ಲ. ಇವೂ ಬೇಕು, ಬೇಡವೆನ್ನುವ ಸನ್ಯಾಸಿಗಳು ನಾವಲ್ಲ. ಆದರೆ ಮೊದಲ ಸುಖವೆಂದರೆ ನಿದ್ದೆ. ಎರಡನೆಯದು "ಆಗುವುದಿಲ್ಲ" ಎಂದು ಹೇಳುವ ಧೈರ್ಯ. ಮೂರು ತಿಂಗಳ ಖರ್ಚನ್ನು ಎಲ್ಲಿಯೋ ಇಟ್ಟವನು, ಬೈಗುಳ ಮಿತಿ ಮೀರಿದ ದಿನ ಏಪ್ರನ್ ಬಿಚ್ಚಿ ಗಲ್ಲೆಯ ಮೇಲಿಟ್ಟು ಹೊರಬರಬಲ್ಲ. ಇಡದವನು ತಲೆ ತಗ್ಗಿಸಿ ಮತ್ತೆ ಮೋರಿಯ ಬಳಿಗೇ ಹೋಗಬೇಕು. ಇಬ್ಬರ ಸಂಬಳವೂ ಒಂದೇ ಇರಬಹುದು.

ಇದನ್ನು ನಮ್ಮವರು ಬಹಳ ಹಿಂದೆಯೇ ಅರಿತಿದ್ದರು. ಈ ದೇಶದಲ್ಲಿ ಸಹಕಾರಿ ಕಾಯ್ದೆ ಬಂದುದು 1904ರಲ್ಲಿ. ಮರುವರ್ಷವೇ, 1905ರಲ್ಲಿ, ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಪತ್ತಿನ ಸಂಘವನ್ನು ಕಟ್ಟಿದರು. ಆಗ ಆ ಊರು ಇದೇ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಹಳ್ಳಿಯ ರೈತನನ್ನು ಸಾಹುಕಾರನ ಖಾತೆಯಿಂದ ಬಿಡಿಸುವುದು ಅದರ ಕೆಲಸ. ಇತ್ತ ಕರಾವಳಿಯಲ್ಲಿ, ಉಡುಪಿಯಲ್ಲಿ 1925ರಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿಯನ್ನು ತೊಡಗಿತು. ಬ್ಯಾಂಕಿನ ಮೆಟ್ಟಿಲು ಹತ್ತಲು ಹೆದರುವವನ ಬಾಗಿಲಿಗೇ ಬ್ಯಾಂಕಿನವನು ದಿನವೂ ಬಂದು, ಎರಡಾಣೆಯಾದರೂ ಸರಿಯೆಂದು ತೆಗೆದುಕೊಂಡು ಹೋಗುವ ಏರ್ಪಾಡು. ಆ ಬ್ಯಾಂಕಿನ ಹೆಸರು 2020ರಲ್ಲಿ ಕೆನರಾ ಬ್ಯಾಂಕಿನೊಳಗೆ ಸೇರಿಹೋಯಿತು; ಪಿಗ್ಮಿ ಎಂಬ ಮಾತು ಮಾತ್ರ ನಮ್ಮ ಬಾಯಲ್ಲಿ ಉಳಿದುಕೊಂಡಿತು. ಎರಡಾಣೆಯಿಂದ ಯಾರೂ ಶ್ರೀಮಂತರಾಗಲಿಲ್ಲ. ಆದರೆ ಮಗಳ ಮದುವೆಯ ವರ್ಷ ಸಾಹುಕಾರನ ಜಗಲಿಯನ್ನು ಹತ್ತದೆ ಉಳಿದ ತಂದೆಯರು ಇದ್ದರು. ಅವರಿಗೆ ಆ ವರ್ಷ ದುಡ್ಡಿನಿಂದ ಸುಖ ಬಂತೆಂದೇ ನಾವು ಹೇಳುತ್ತೇವೆ.

ಹುಡುಗನ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿಗಾಯಿತು. ಸಂಬಳ ಹೆಚ್ಚಿಸಿರೆಂದು ನಾವು ಅರ್ಜಿ ಬರೆಯುವುದು ಇದಕ್ಕೇ, ಮುಂದೆಯೂ ಬರೆಯುತ್ತೇವೆ. ಇನ್ನರ್ಧವನ್ನು ಹೇಳುವುದು ಸ್ವಲ್ಪ ಕಷ್ಟ; ಯಾಕೆಂದರೆ ಅದು ಧಣಿಗಳ ವಿಷಯವಲ್ಲ, ನಮ್ಮ ವಿಷಯ.

ಹಿರಿಯರೊಬ್ಬರ ಕಥೆಯನ್ನು ಹೇಳುತ್ತೇವೆ. ಹೆಸರು ಬೇಡ. ಅವರು ಹದಿಮೂರರ ವಯಸ್ಸಿಗೆ ಊರು ಬಿಟ್ಟು ಬಂದವರು. ಮೊದಲು ತಟ್ಟೆ ತೊಳೆದರು, ಆಮೇಲೆ ಮಾಣಿಯಾದರು, ಕೊನೆಗೆ ದೋಸೆಯ ಕಾವಲಿಯ ಮುಂದೆ ಇಪ್ಪತ್ತು ವರ್ಷ ನಿಂತರು. ಮೂವತ್ತೈದು ವರ್ಷಗಳಲ್ಲಿ ಅವರು ಒಂದು ತಿಂಗಳೂ ಮನಿಯಾರ್ಡರು ತಪ್ಪಿಸಲಿಲ್ಲ. ಮನಿಯಾರ್ಡರಿನ ಫಾರಮಿನ ಕೆಳಗೆ ಒಂದು ಸಣ್ಣ ಕೂಪನ್ ಇರುತ್ತಿತ್ತು, ನಿಮಗೆಲ್ಲ ನೆನಪಿರಬೇಕು. ಎರಡು ಮೂರು ಸಾಲು ಬರೆಯುವಷ್ಟು ಜಾಗ. ಅವರು ಅದರಲ್ಲಿ ಪ್ರತಿ ತಿಂಗಳೂ ಬರೆದುದು ಒಂದೇ: "ನಾನು ಕ್ಷೇಮ. ಹಣ ಮುಟ್ಟಿದ್ದಕ್ಕೆ ಕಾಗದ ಹಾಕುವುದು." ಬೇರೆ ಬರೆಯಲು ಏನಿತ್ತು? ಬೆಳಿಗ್ಗೆ ನಾಲ್ಕಕ್ಕೆ ಒಲೆ, ರಾತ್ರಿ ಹನ್ನೊಂದಕ್ಕೆ ಚಾಪೆ. ಊರಿಗೆ ಹೋಗುವುದು ಎರಡು ವರ್ಷಕ್ಕೊಮ್ಮೆ. ರಜೆಯ ದಿನವೂ ದುಡಿದರೆ ನಾಲ್ಕು ಕಾಸು ಹೆಚ್ಚು ಸಿಗುವುದೆಂದು ವಾರದ ರಜೆಯನ್ನೂ, ಊರಿಗೆ ಹೋಗುವ ಸರದಿಯನ್ನೂ ಅವರು ಬಿಟ್ಟುಕೊಟ್ಟದ್ದುಂಟು. ಯಾರೂ ಬಲವಂತ ಮಾಡಿರಲಿಲ್ಲ.

ಆ ಹಣದಿಂದ ಆದುದನ್ನು ಮರೆಮಾಚುವುದು ಅನ್ಯಾಯವಾದೀತು. ಇಬ್ಬರು ತಂಗಿಯರ ಮದುವೆಯಾಯಿತು. ಮುಳಿಹುಲ್ಲಿನ ಮಾಡು ಹೋಗಿ ಹಂಚು ಬಂತು. ಮಗ ಕಾಲೇಜಿಗೆ ಹೋದ, ಮಗಳು ಅಧ್ಯಾಪಿಕೆಯಾದಳು. ಊರಿನಲ್ಲಿ ಅವರ ಮನೆಗೆ ಮುಂಬಯಿಯವರ ಮನೆ ಎಂದೇ ಹೆಸರು. ಕೊನೆಗೆ ಕೆಲಸ ಬಿಟ್ಟು, ಟ್ರಂಕು ಹೊತ್ತು ಆ ಮನೆಗೆ ಹೋದರು. ಮನೆಯವರು ಪ್ರೀತಿಯಿಂದಲೇ ಕಂಡರು. ಒಳ್ಳೆಯ ಚಾಪೆ, ಬಿಸಿನೀರು, ಮೊದಲ ಬಾಳೆಲೆ. ಅದೇ ಅವರಿಗೆ ಕಸಿವಿಸಿ. ಮೊದಲ ಎಲೆ ಹಾಕುವುದು ನೆಂಟರಿಗಲ್ಲವೇ? ಟ್ರಂಕನ್ನು ಎಲ್ಲಿಡಲಿ ಎಂದು ಅವರು ಕೇಳಬೇಕಾಯಿತು. ಹೆಂಡತಿ ಯಾವ ಔಷಧ ತಿನ್ನುತ್ತಾಳೆಂದು ಗೊತ್ತಿರಲಿಲ್ಲ. ಮೊಮ್ಮಗು ಅತ್ತಾಗ ಅವರ ಕೈಗೆ ಕೊಟ್ಟರೆ ಇನ್ನೂ ಜೋರಾಗಿ ಅತ್ತಿತು. ಒಂದು ದಿನ ಅವರು ಪೇಟೆಯಲ್ಲಿ ಹಳೆಯ ಟಪಾಲಿನವನನ್ನು ಕಂಡರಂತೆ. ಅವನೂ ಕೆಲಸ ಬಿಟ್ಟಿದ್ದ. ಮಗಳು ಶಾಲೆಯ ನಾಟಕದಲ್ಲಿ ಸೀತೆಯಾದದ್ದು, ಮಗ ಮರದಿಂದ ಬಿದ್ದು ಕೈ ಮುರಿದುಕೊಂಡದ್ದು, ತಾಯಿ ಕಡೆಯ ದಿನಗಳಲ್ಲಿ ಜಗಲಿಯ ಮೇಲೆ ಕುಳಿತು ದಾರಿ ನೋಡುತ್ತಿದ್ದುದು, ಎಲ್ಲವನ್ನೂ ಅವನು ಹೇಳಿದ. ತಿಂಗಳಿಗೊಮ್ಮೆ ದುಡ್ಡು ಕೊಡಲು ಹೋಗುತ್ತಿದ್ದ ಮನುಷ್ಯ. ತಮಗಿಂತ ಹೆಚ್ಚು ಕಂಡಿದ್ದ. ಇದನ್ನು ನಮಗೆ ಹೇಳುವಾಗ ಅವರು ಅಳಲಿಲ್ಲ. "ದುಡ್ಡು ನಾನು ಕಳುಹಿಸಿದೆ, ಮನೆಗೆ ಅವನು ಹೋದ" ಎಂದು ನಕ್ಕರು.

ಹಣ ಕಳುಹಿಸಬಾರದಿತ್ತೆಂದು ಅವರಿಗೆ ಯಾರು ಹೇಳಿಯಾರು? ನಾವಂತೂ ಹೇಳಲಾರೆವು. ಕಳುಹಿಸದಿದ್ದರೆ ಮಗಳು ಅಧ್ಯಾಪಿಕೆಯಾಗುತ್ತಿರಲಿಲ್ಲ. ಆದರೆ ಬಿಟ್ಟುಕೊಟ್ಟ ಆ ರಜೆಗಳು, ಆ ಊರಿನ ಸರದಿಗಳು? ಅವುಗಳಿಂದ ಬಂದ ದುಡ್ಡು ಯಾವುದಕ್ಕೆ ಖರ್ಚಾಯಿತೆಂದು ಕೇಳಿದೆವು. ಬಹಳ ಹೊತ್ತು ಯೋಚಿಸಿದರು. ನೆನಪಾಗಲಿಲ್ಲ.

ಅಮೆರಿಕದ ಪಂಡಿತರೂ ಈ ಪ್ರಶ್ನೆಯ ಬೆನ್ನು ಹತ್ತಿದ್ದಾರೆ. ನೊಬೆಲ್ ಪುರಸ್ಕೃತರಾದ ಡೇನಿಯಲ್ ಕಾನಮನ್ ಮತ್ತು ಮುಂದೆ ಅದೇ ಪುರಸ್ಕಾರ ಪಡೆದ ಆಂಗಸ್ ಡೀಟನ್ 2010ರಲ್ಲಿ ಲೆಕ್ಕ ಹಾಕಿ, ವರ್ಷಕ್ಕೆ ಸುಮಾರು 75,000 ಡಾಲರು ವರಮಾನದವರೆಗೆ ಜನರ ದಿನನಿತ್ಯದ ಸಂತೋಷ ಏರುವುದೆಂದೂ ಆಮೇಲೆ ಏರದೆಂದೂ ಹೇಳಿದರು. 2023ರಲ್ಲಿ ಅದೇ ಕಾನಮನ್ನರು ಬೇರಿಬ್ಬರೊಡನೆ ಕೂಡಿ ಮತ್ತೆ ನೋಡಿ, ಹೆಚ್ಚಿನವರಿಗೆ ಅದು ಮುಂದೆಯೂ ಏರುತ್ತದೆ, ತೀರ ದುಃಖಿಗಳಾದ ಒಂದು ಪಾಲಿನವರಿಗೆ ಮಾತ್ರ ಒಂದು ಮಟ್ಟದ ಮೇಲೆ ನಿಂತುಬಿಡುತ್ತದೆ ಎಂದು ತಿದ್ದಿಕೊಂಡರು. ದೊಡ್ಡವರು ತಪ್ಪನ್ನು ಒಪ್ಪಿಕೊಂಡದ್ದು ನಮಗೆ ಮೆಚ್ಚಿಗೆಯಾಯಿತು. ಆ ಡಾಲರುಗಳ ಮಟ್ಟಕ್ಕೆ ನಮ್ಮ ಕಾವಲಿಯವರು ಮುಟ್ಟುವ ಭಯವಿಲ್ಲವಾದುದರಿಂದ ಈ ಚರ್ಚೆಯನ್ನು ಇಲ್ಲಿಗೇ ಬಿಡೋಣ.

ಒಮ್ಮೆಗೇ ಬಂದ ದುಡ್ಡನ್ನೂ ನಾವು ಕಂಡಿದ್ದೇವೆ. 1982ರ ಜನವರಿ 18ರಂದು ದತ್ತಾ ಸಾಮಂತರ ಮುಂದಾಳುತನದಲ್ಲಿ ಈ ನಗರದ ಸುಮಾರು ಎರಡೂವರೆ ಲಕ್ಷ ಗಿರಣಿ ಕೆಲಸಗಾರರು ಹೊರಬಂದರು. ಮುಷ್ಕರ ಮುಗಿಯಿತೆಂದು ಯಾರೂ ವಿಧಿವತ್ತಾಗಿ ಸಾರಲೇ ಇಲ್ಲ. ಲಕ್ಷಕ್ಕೂ ಮಿಕ್ಕಿ ಜನರಿಗೆ ಕೆಲಸ ಮರಳಿ ದೊರೆಯಲಿಲ್ಲ. ದೊರೆತವರ ಗಿರಣಿಗಳೂ ಒಂದೊಂದಾಗಿ ಮುಚ್ಚಿದವು. ಅನೇಕರ ಕೈಗೆ ಸ್ವಯಂನಿವೃತ್ತಿಯ ಹೆಸರಿನಲ್ಲಿ ಒಂದು ಚೆಕ್ಕು ಬಂತು. ಜನ್ಮದಲ್ಲಿ ಕಾಣದಷ್ಟು ಮೊತ್ತ. ನಮ್ಮ ಸಂಘದ ಸದಸ್ಯರೊಬ್ಬರು, ಬೆಳಗಾವಿ ಕಡೆಯವರು, ಆ ದಿನ ಪೇಢೆ ಹಂಚಿದರು. ಊರಿನ ಮನೆ ರಿಪೇರಿ, ಅಳಿಯನ ಅಂಗಡಿ, ಮಗನ ಮೋಟರ್‌ಸೈಕಲ್ಲು, ಕೇಳಿ ಬಂದವರಿಗೆ ಕೈಗಡ. ನಾಲ್ಕು ವರ್ಷಗಳಲ್ಲಿ ಅದು ಕರಗಿತು. ಅವರು ನಮ್ಮೊಡನೆ ಹೇಳಿಕೊಂಡದ್ದು ಚೆಕ್ಕಿನ ವಿಷಯವನ್ನಲ್ಲ. ಬೆಳಿಗ್ಗೆ ಭೋಂಗಾ ಕೂಗದೆ ಎಚ್ಚರವಾಗುತ್ತದೆ, ಎದ್ದು ಎಲ್ಲಿಗೆ ಹೋಗುವುದೆಂದು ತೋಚುವುದಿಲ್ಲ, ಸಂಜೆ ಭಜನೆಗೆ ಕೂಡುತ್ತಿದ್ದವರು ಯಾವ ಯಾವ ಊರಿಗೋ ಹೋದರು ಎಂದು. ಸಂಬಳದ ಜೊತೆಗೆ ಬರುತ್ತಿದ್ದ ಇವೆಲ್ಲ ಸಂಬಳದ ಚೀಟಿಯಲ್ಲಿ ಬರೆದಿರಲಿಲ್ಲ. ಆದುದರಿಂದ ಚೆಕ್ಕು ಬರೆದವರೂ ಅವನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ಇಂಥ ಸಭೆಗಳಲ್ಲಿ ಹೇಳುವುದು ವಾಡಿಕೆ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಅವಳ ಗಂಡ ಮಾರಯ್ಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುತ್ತಿದ್ದ. ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ, ಇಷ್ಟು ನಮಗೇಕೆ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬಾ ಎಂದು ಹಿಂದಕ್ಕೆ ಕಳುಹಿಸಿದಳು. ದೊಡ್ಡ ಹೆಂಗಸು. ಆದರೆ ಈ ಕಥೆಯನ್ನು ಸಂಬಳ ಕೇಳಲು ಬಂದವನಿಗೆ ಹೇಳಿ ಕಳುಹಿಸುವ ಧಣಿಗಳನ್ನು ನಾವು ಕಂಡಿದ್ದೇವೆ. ಅವರಿಗೆ ಒಂದು ಮಾತು ಮರೆತುಹೋಗಿದೆ: ಇಷ್ಟು ಸಾಕು ಎಂದವಳು ಲಕ್ಕಮ್ಮ, ತನ್ನ ಮನೆಯ ಅಕ್ಕಿಯನ್ನು ತಾನೇ ಅಳೆದು. ಅಂಗಳದ ಯಜಮಾನರು ಬಂದು ನಿನಗಿಷ್ಟು ಸಾಕಮ್ಮಾ ಎನ್ನಲಿಲ್ಲ. ಸಾಕು ಎಂಬುದನ್ನು ದುಡಿದವನೇ ಹೇಳಬೇಕು.

ಹಾಗೆಯೇ, ವಾರದ ಆ ಒಂದು ದಿನಕ್ಕೆ ಬೆಲೆ ಎಷ್ಟೆಂದು ಹೇಳಬೇಕಾದವರೂ ನಾವೇ. ಅದನ್ನು ಧಣಿಗಳು ದಾನವಾಗಿ ಕೊಟ್ಟದ್ದಲ್ಲ. 1948ರ ಬೊಂಬಾಯಿ ಅಂಗಡಿ ಮತ್ತು ಸಂಸ್ಥೆಗಳ ಕಾಯ್ದೆಯು ಹೊಟೇಲು ಕೆಲಸಗಾರನಿಗೂ ವಾರಕ್ಕೊಂದು ದಿನ ರಜೆಯನ್ನು ಬರೆಯಿತು. ಅದರ ಸ್ಥಾನಕ್ಕೆ 2017ರಲ್ಲಿ ಬಂದ ಕಾಯ್ದೆಯೂ ವಾರದ ರಜೆಯನ್ನು ಉಳಿಸಿಕೊಂಡಿತು. ಕಾಯ್ದೆಯಿಂದ ನಮ್ಮದಾದುದನ್ನು ಈಗ ನಾಲ್ಕು ದಿನದ ಸಂಬಳಕ್ಕೆ ಕೊಳ್ಳಲು ಬಂದಿದ್ದಾರೆ.

ಸಮಿತಿಯಲ್ಲಿ ಈ ಬಗ್ಗೆ ಒಮ್ಮತವಿಲ್ಲ, ಅದನ್ನು ಮುಚ್ಚಿಡುವುದಿಲ್ಲ. ಊರಿನಲ್ಲಿ ತಾಯಿಯ ಶಸ್ತ್ರಚಿಕಿತ್ಸೆಗೆ ಸಾಲ ಮಾಡಿದ ಹುಡುಗ ನಾಳೆಯೇ ರುಜು ಹಾಕುತ್ತೇನೆ ಎನ್ನುತ್ತಾನೆ. ಅವನಿಗೆ ಬೇಡವೆನ್ನಲು ನಮಗೆ ಬಾಯಿಲ್ಲ. ನಮ್ಮ ಸೂಚನೆ ಇಷ್ಟೇ. ಸಂಘದ ಹೆಸರಿನಲ್ಲಿ ಎಲ್ಲರ ರಜೆಯನ್ನೂ ಒಟ್ಟಿಗೆ ಮಾರುವ ಕಾಗದಕ್ಕೆ ರುಜು ಬೇಡ. ಸಾಲದ ಒತ್ತಡದಿಂದ ಒಪ್ಪುತ್ತಿರುವವರ ಪಟ್ಟಿ ಮಾಡಿ, ಕ್ಷೇಮನಿಧಿಯಿಂದ ಕಡಿಮೆ ಬಡ್ಡಿಗೆ ಅವರ ಸಾಲವನ್ನು ಮೊದಲು ತೀರಿಸೋಣ. ನಿಧಿ ಸಣ್ಣದು, ಎಲ್ಲರಿಗೂ ಸಾಲದು. ಸಂಬಳದ ದಿನ ನಮ್ಮ ನಮ್ಮ ವಂತಿಗೆಯನ್ನು ಸ್ವಲ್ಪ ಏರಿಸಬೇಕಾಗುತ್ತದೆ. ಸಂಬಳ ಹೆಚ್ಚಿಸಿರೆಂಬ ಅರ್ಜಿ ರಜೆಯ ಮಾತಿನೊಡನೆ ಬೆರೆಯದೆ ಬೇರೆಯಾಗಿಯೇ ಹೋಗಲಿ. ಇದಕ್ಕಿಂತ ಒಳ್ಳೆಯ ದಾರಿ ಯಾರಿಗಾದರೂ ತೋಚಿದರೆ ಸಭೆಯಲ್ಲಿ ಹೇಳಬೇಕು. ನಾವು ಹಟ ಹಿಡಿದು ಕೂರುವವರಲ್ಲ.

ಕಳೆದ ತಿಂಗಳು ಪ್ರಶ್ನೆ ಕೇಳಿದ ಹುಡುಗನನ್ನು ಇಂದು ಈ ಸಭೆಯಲ್ಲಿ ಹುಡುಕಿದೆವು. ಅವನು ಬಂದಿಲ್ಲ. ಅವನ ಹೊಟೇಲಿನಲ್ಲಿ ಹೋದ ವಾರದಿಂದಲೇ ಹೊಸ ಏರ್ಪಾಡು ಜಾರಿಗೆ ಬಂದಿದೆಯಂತೆ, ಅವನಿಗೆ ಇಂದು ರಜೆಯಿಲ್ಲ. ಅವನ ಕೋಣೆಯವರು ಯಾರಾದರೂ ಇಲ್ಲಿದ್ದರೆ ಪತ್ರಿಕೆಯ ಒಂದು ಪ್ರತಿಯನ್ನು ಅವನಿಗೆ ಮುಟ್ಟಿಸಬೇಕಾಗಿ ವಿನಂತಿ. ಮುಂದಿನ ಸಭೆಯನ್ನು ಯಾವ ದಿನ, ಯಾವ ಹೊತ್ತಿಗೆ ಇಟ್ಟರೆ ಇಂಥವರೂ ಬಂದು ಮತ ಹಾಕಬಹುದೆಂಬುದನ್ನು ಕಾರ್ಯದರ್ಶಿಗಳು ಈಗ ನಿಮ್ಮನ್ನು ಕೇಳಲಿದ್ದಾರೆ. ರಾತ್ರಿ ಹನ್ನೆರಡಕ್ಕಾದರೂ ಇಡೋಣವೆಂದು ನಾವು ಹೇಳಿದ್ದೇವೆ.